ಪ್ರಶ್ನಿಸುವವನಿಗೂ ಸ್ಥಳವಿರಲಿ

ಪುರಾವೆಯಿಲ್ಲದೆ ನಂಬುವುದು ಪ್ರಾಮಾಣಿಕವೇ? ವರ್ತೂರಿನ ತಂತ್ರಾಂಶ ಉದ್ಯೋಗಿ ಯುವಜನರ ಈ ಪ್ರಶ್ನೆಯನ್ನು ಅವಿಶ್ವಾಸವೆಂದು ತಳ್ಳಿಹಾಕಲಾಗದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ವಿವಾದವೆದ್ದಿತು. ಆದರೆ ಸಂತಪದವಿಯ ವಿಚಾರಣೆಯಲ್ಲಿ ಧರ್ಮಸಭೆಯೂ ರೋಗ ಗುಣವಾದ ಪವಾಡಗಳನ್ನು ವೈದ್ಯತಜ್ಞರ ಪರೀಕ್ಷೆಗೆ ಒಪ್ಪಿಸುತ್ತದೆ. ಘಟನೆಗೆ ಪುರಾವೆ ಕೇಳುವುದು ನ್ಯಾಯವೇ. ದೇವರಲ್ಲಿಡುವ ಭರವಸೆಯಾದರೋ ಸಂಬಂಧಕ್ಕೆ ಸೇರಿದ್ದು. ಅದು ವಿವೇಚನೆಯನ್ನು ಮೀರುತ್ತದೆ, ವಿರೋಧಿಸುವುದಿಲ್ಲ.

ನಾಸ್ತಿಕತೆಯ ಹುಟ್ಟಿನಲ್ಲಿ ವಿಶ್ವಾಸಿಗಳ ದೋಷಪೂರ್ಣ ಬೋಧನೆ, ಬಾಳುವೆಗಳ ಪಾಲೂ ಇರಬಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡಿತು. ಉತ್ತರ ತಿಳಿಯದಾಗ ಪ್ರಶ್ನಿಸುವವನ ಬಾಯಿ ಮುಚ್ಚಿಸುವ ಗುರು ಆ ಪಾಲನ್ನು ಹೆಚ್ಚಿಸುತ್ತಾನೆ. ನಂಬಲೊಲ್ಲದ ತೋಮನನ್ನು ಶಿಷ್ಯರು ಹೊರಹಾಕಲಿಲ್ಲ. ಎಂಟು ದಿನಗಳ ಬಳಿಕವೂ ಅವನು ಅವರೊಡನೆಯೇ ಇದ್ದನು (ಯೊವಾನ್ನ 20:26). ಪ್ರಭು ಅವನನ್ನು ಸಂಧಿಸಿದ್ದು ಅಲ್ಲಿಯೇ.