ವೃದ್ಧರಲ್ಲಿ ಹಠಾತ್ ಚಿತ್ತಭ್ರಮೆ

ನಿನ್ನೆಯವರೆಗೆ ಪತ್ರಿಕೆ ಓದಿ ಚರ್ಚಿಸುತ್ತಿದ್ದ ತಂದೆ ಇಂದು ಮಗನನ್ನೇ ಗುರುತಿಸದಿದ್ದರೆ, ನಡುರಾತ್ರಿ ಎದ್ದು ‘ಮನೆಗೆ ಹೋಗೋಣ’ ಎಂದರೆ, ವಯಸ್ಸಿನ ಮರೆವೆಂದು ನಾವು ಸುಮ್ಮನಾಗುತ್ತೇವೆ. ಇದು ಅಪಾಯಕರ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಒಂದೆರಡು ದಿನಗಳಲ್ಲೇ ತಲೆದೋರುವ ಗೊಂದಲವನ್ನು ಹಿಂದಿನವರು ‘ಸನ್ನಿ’ ಎನ್ನುತ್ತಿದ್ದರು. ಅದು ದೇಹದೊಳಗಿನ ಬೇರೊಂದು ವ್ಯಾಧಿಯ ಸೂಚನೆ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಇಳಿಕೆ, ಮಲಬದ್ಧತೆ, ಹೊಸ ನಿದ್ರೆಮಾತ್ರೆ ಇದಕ್ಕೆ ಕಾರಣವಾಗಬಲ್ಲವು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಇದ್ದಕ್ಕಿದ್ದಂತೆ ಮಂಕಾಗಿ ಮಲಗಿಬಿಡುವುದೂ ಇದರದೇ ರೂಪ.

ಆಯುರ್ವೇದ ವೈದ್ಯರಾದ ನಾವೂ ಹೇಳುವುದಿಷ್ಟೇ: ಇಲ್ಲಿ ಕಷಾಯ, ಲೇಹ್ಯಗಳಿಂದ ಕಾಲಹರಣ ಸಲ್ಲದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಚೂರ್ಣಗಳನ್ನು ಸಹ, ವೈದ್ಯರಿಗೆ ತೋರಿಸಬೇಕು. ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ಅವರೊಡನೆ ವಾದ ಬೇಡ. ಕನ್ನಡಕ, ಶ್ರವಣಯಂತ್ರ ಹಾಕಿಸಿ, ಕೋಣೆಯಲ್ಲಿ ಮಂದ ಬೆಳಕಿರಿಸಿ, ‘ಅಪ್ಪಾ, ನಾನು ನಿಮ್ಮ ಮಗ, ಇಲ್ಲೇ ಇದ್ದೇನೆ’ ಎಂದು ಮೆಲ್ಲಗೆ ಹೇಳಬೇಕು. ಕಾರಣವನ್ನು ಗುರುತಿಸಿ ಸಕಾಲದಲ್ಲಿ ಚಿಕಿತ್ಸೆ ನೀಡಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ.