‘ಮೊದಲು ವಾಸಿ ಮಾಡಿಸ್ಕೊಂಡು ಬನ್ನಿ ಸಾರ್!’

ನಮ್ಮನೆಯ 2003ರ ಮಾರುತಿ ಎಸ್ಟೀಮ್‌ಗೆ ನಾನಿಟ್ಟ ಹೆಸರು ‘ಕುದುರೆ’. ನನ್ನವಳು ಇಟ್ಟ ಹೆಸರು ‘ಸವತಿ’. ಖರ್ಚಿನ ಲೆಕ್ಕ ನೋಡಿದರೆ ಅವಳದೇ ಸರಿ.

2009ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಕಾರು. ಆಮೇಲಿನ ಮೂರ್ನಾಲ್ಕು ವರ್ಷ ಸಂಬಳದಲ್ಲಿ ಉಳಿದಿದ್ದೆಲ್ಲ ಅದರ ಬಾನೆಟ್ ಕೆಳಗೇ ಹೋಯಿತು. ಕೋನ್ ಏರ್ ಫಿಲ್ಟರ್ ಬಂತು. ಎಂಜಿನ್ನಿನ ಹೊಗೆ ಸಲೀಸಾಗಿ ಹೊರಹೋಗಲಿ ಅಂತ ‘ಹೆಡರ್’ ಎಂಬ ಉದ್ದನೆಯ ಪೈಪುಗಳು ಬಂದವು. ಬೀದಿಗೆಲ್ಲ ಕೇಳುವ ಸೈಲೆನ್ಸರ್ ಬಂತು. ಕೊನೆಗೆ, ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ನಿರ್ಧರಿಸುವ ಕಂಪ್ಯೂಟರ್ ಇರುತ್ತಲ್ಲ, ಇಸಿಯು ಅಂತಾರೆ, ಅದರ ಲೆಕ್ಕ ತಿದ್ದಲು ಪಿಗ್ಗಿಬ್ಯಾಕ್ ಅನ್ನೋ ಪುಟ್ಟ ಪೆಟ್ಟಿಗೆಯೂ ಬಂತು. ಅದನ್ನು ಕೂರಿಸಿದವರು ಅಂದಾಜಿನ ಮೇಲೆ ಸೆಟ್ ಮಾಡಿಕೊಟ್ಟಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅಂದಾಜಿನಲ್ಲೇ ಓಡಿತು.

ಕಳೆದ ವರ್ಷ ಎಮಿಷನ್ ಟೆಸ್ಟ್‌ನಲ್ಲಿ ಕಾರು ಫೇಲಾಯಿತು. ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿತ್ತು. ಪ್ಲಗ್ ಬದಲಾಯಿಸಿ ಮತ್ತೆ ಹೋದೆ, ಮತ್ತೆ ಫೇಲ್. ಮೈಲೇಜ್ ಎಂಟಕ್ಕೆ ಇಳಿದಿತ್ತು. ಐಡ್ಲಿಂಗ್‌ನಲ್ಲಿ ಎಂಜಿನ್ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಇದಕ್ಕೆಲ್ಲ ಒಂದೇ ಮದ್ದು, ಡೈನೊ ಟ್ಯೂನ್, ಅಂತ ನಾನು ತೀರ್ಮಾನಿಸಿದೆ. ಕಾರನ್ನು ರೋಲರ್ ಮೇಲೆ ಕಟ್ಟಿ ಓಡಿಸಿ, ಗಾಳಿ–ಪೆಟ್ರೋಲ್ ಪ್ರಮಾಣವನ್ನೂ ಕಿಡಿ ಹೊತ್ತುವ ಸಮಯವನ್ನೂ ಅಳೆದು ತಿದ್ದುವ ಕೆಲಸ ಅದು. ಬೆಂಗಳೂರಿನಲ್ಲಿ ಒಬ್ಬ ಟ್ಯೂನರ್ ಹತ್ತಿರ ದಿನ ಗೊತ್ತು ಮಾಡಿದೆ.

ಅವರು ಬರೋಕೆ ಮುಂಚೆ ನೋಡಿಕೊಳ್ಳಬೇಕಾದ ಕೆಲಸಗಳ ಪಟ್ಟಿ ಕಳಿಸಿದ್ದರು. ಎಂಜಿನಿಯರಿಂಗ್ ಓದುವ ಮಗಳು ಅದನ್ನು ನೋಡಿ, “ಅಪ್ಪಾ, ಕಂಪ್ರೆಷನ್ ಟೆಸ್ಟ್ ಅಂತೆ, ಲೀಕ್ ಚೆಕ್ ಅಂತೆ. ಇದೊಂದೂ ಮಾಡಿಸಿಲ್ವಲ್ಲ?” ಅಂದಳು.

“ಹದಿನೈದು ವರ್ಷದಿಂದ ಓಡಿಸ್ತಿದೀನಿ ಕಣೇ. ನನಗೆ ಗೊತ್ತಿಲ್ವಾ? ಉಳಿದಿದ್ದು ಅವರೇ ನೋಡ್ಕೋತಾರೆ.”

ಹಾಸನದಿಂದ ಬೆಳಗಿನ ಜಾವ ಹೊರಟು ಹತ್ತಕ್ಕೆಲ್ಲ ತಲುಪಿದೆವು. ಟ್ಯೂನರ್ ಹುಡುಗ ಬಾನೆಟ್ ಎತ್ತಿ ಕಿವಿಗೊಟ್ಟ. ಹೆಡರ್ ಎಂಜಿನ್‌ಗೆ ಸೇರುವ ಕಡೆಯಿಂದ ಸಣ್ಣಗೆ ‘ಟಿಕ್ ಟಿಕ್’ ಸದ್ದು ಬರುತ್ತಿತ್ತು. ಪ್ಲಗ್‌ಗಳನ್ನೆಲ್ಲ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿ ನೋಡಿದ. ಮೂರು ಸಿಲಿಂಡರ್‌ಗಳಲ್ಲಿ 170ರ ಆಸುಪಾಸು ಪಿಎಸ್‌ಐ ಬಂತು. ಮೂರನೆಯದರಲ್ಲಿ ಬರೀ 130.

“ಇದನ್ನ ರೋಲರ್ ಮೇಲೆ ಹತ್ತಿಸಲ್ಲ ಸಾರ್. ಮೊದಲು ವಾಸಿ ಮಾಡಿಸ್ಕೊಂಡು ಬನ್ನಿ” ಅಂದ.

ವಾಪಸ್ ಬರುವಾಗ ಕುಣಿಗಲ್ ದಾಟುವವರೆಗೂ ನಾನು ಮಾತಾಡಲಿಲ್ಲ. ಮಗಳೂ ಆಡಲಿಲ್ಲ. “ನಾನು ಹೇಳಿರ್ಲಿಲ್ವಾ?” ಅಂತ ಅವಳು ಅನ್ನದೇ ಇದ್ದದ್ದು ದೊಡ್ಡ ಉಪಕಾರ.

ಪಟ್ಟಿಯ ಮೊದಲ ಸಾಲಿನಿಂದ

ಮಾರನೆಯ ಭಾನುವಾರ ಮಗಳು ಒಂದು ನೋಟ್‌ಬುಕ್ ತೆರೆದಳು. ಕಾರಿಗೆ ಏನೇನು ಬದಲಾವಣೆ ಆಗಿದೆ, ಯಾವಾಗ ಆಗಿದೆ, ಎಲ್ಲ ಬರೆಸಿಕೊಂಡಳು. ಅರ್ಧ ನನಗೇ ಮರೆತಿತ್ತು.

ನಮ್ಮೂರಿನ ಮೆಕ್ಯಾನಿಕ್ ಮೂರನೇ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕು. ಏರಲಿಲ್ಲ. ಆಮೇಲೆ ಆ ಸಿಲಿಂಡರ್‌ಗೆ ಕಂಪ್ರೆಸರ್‌ನಿಂದ ಗಾಳಿ ತುಂಬಿದರು. ಗಾಳಿ ‘ಸುಸ್’ ಅಂತ ಸೈಲೆನ್ಸರ್‌ನಿಂದ ಹೊರಬಂತು. ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ ಅನ್ನೋದು ಖಾತ್ರಿಯಾಯಿತು. ವಾಲ್ವ್ ಕ್ಲಿಯರೆನ್ಸ್ ನೋಡಿಸಿ ಎಷ್ಟು ವರ್ಷವಾಗಿತ್ತೋ! ಸಂದು ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ತಣ್ಣಗಾಗಲು ಸಮಯ ಸಿಗದೆ ಅಂಚು ಸುಡುತ್ತದೆ. ಅದೇ ಸ್ಥಿತಿಯಲ್ಲಿ ರೋಲರ್ ಮೇಲೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಪದೇ ಪದೇ ಓಡಿಸಿದ್ದರೆ ಇಡೀ ಎಂಜಿನ್ನೇ ಹೋಗಬಹುದಿತ್ತು.

‘ಟಿಕ್ ಟಿಕ್’ ಸದ್ದಿಗೆ ಕಾರಣ ಹೆಡರ್ ಗ್ಯಾಸ್ಕೆಟ್‌ನ ಲೀಕ್. ಚಿಲ್ಲರೆ ವಿಷಯ ಅಂದ್ಕೊಂಡಿದ್ದೆ. ಎಮಿಷನ್ ಫೇಲಾಗಿದ್ದರ ಗುಟ್ಟು ಅಲ್ಲೇ ಇತ್ತು. ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಮುಂದಿದ್ದ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಸಾಲುತ್ತಿಲ್ಲ’ ಅಂತ ಸುಳ್ಳು ವರದಿ ಕೊಡುತ್ತಿತ್ತು. ಅದನ್ನು ನಂಬಿ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತಿತ್ತು. ಟ್ಯೂನರ್ ಕೂಡ ಅಂಥದೇ ಸೆನ್ಸರ್ ಹಾಕಿ ಅಳೆಯೋದು. ಲೀಕ್ ಇಟ್ಟುಕೊಂಡು ಹೋದರೆ ಅವರ ಲೆಕ್ಕವೂ ಸುಳ್ಳಾಗುತ್ತದೆ.

ನನ್ನ ಎದೆ ಧಸಕ್ಕೆಂದಿದ್ದು ಮುಂದಿನ ಸಾಲಿಗೆ ಬಂದಾಗ. ಫ್ಯುಯೆಲ್ ಫಿಲ್ಟರ್ ಬದಲಾಯಿಸಲು ಹೋದರೆ ಪಕ್ಕದ ರಬ್ಬರ್ ಪೈಪ್ ಬಿರುಕು ಬಿಟ್ಟು ಒದ್ದೆಯಾಗಿತ್ತು. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಹಳೇ ಗಾಡಿಗಳ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಇದೇ ಕಾರಿನಲ್ಲಿ ಮಗಳು ವಾರಕ್ಕೆರಡು ಸಲ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಪೆಟ್ರೋಲ್ ವಾಸನೆ ಬರುತ್ತೆ ಅಂತ ಅವಳು ಹೇಳಿದಾಗಲೆಲ್ಲ, “ಟ್ಯೂನ್ ಆದ್ರೆ ಸರಿಹೋಗುತ್ತೆ ಬಿಡು” ಅಂದಿದ್ದೆ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಎಥನಾಲ್ ತಡೆಯುವ ಪೈಪುಗಳನ್ನು ಪೂರ್ತಿ ಹಾಕಿಸಿದೆ.

ಉಳಿದ ಕೆಲಸ ಒಂದೊಂದಾಗಿ ಆದವು. ವಾಲ್ವ್ ಬದಲಾಯಿಸಿ ಹೆಡ್ ಕೆಲಸ ಮಾಡಿಸಿದ್ದಾಯಿತು. ಹೆಡ್ ಬಿಚ್ಚಿದ್ದರಿಂದ ಟೈಮಿಂಗ್ ಬೆಲ್ಟ್ ಹೊಸದು ಬಂತು. ಇಂಜೆಕ್ಟರ್ ತೊಳೆಸಿ, ಫ್ಯುಯೆಲ್ ಪಂಪಿನ ಒತ್ತಡ ನೋಡಿಸಿದೆವು. ಬ್ಯಾಟರಿಯ ಅರ್ತ್ ವೈರ್ ತುಕ್ಕು ಹಿಡಿದಿತ್ತು, ಬದಲಾಯಿತು. ರೇಡಿಯೇಟರ್ ಫ್ಯಾನ್, ಕ್ಲಚ್, ಟೈರ್ ನೋಡಿದ್ದಾಯಿತು. ಕ್ಲಚ್ ಜಾರಿದರೆ ರೋಲರ್ ಮೇಲೆ ಬರುವ ಅಂಕಿಗೆ ಅರ್ಥವಿಲ್ಲ. ಹಳೇ ಟೈರ್ ಆ ವೇಗದಲ್ಲಿ ಸಿಡಿಯಬಹುದು.

ಸೈಲೆನ್ಸರ್ ವಿಷಯದಲ್ಲಿ ಮಾತ್ರ ಮನೆಯಲ್ಲಿ ವಾದ ನಡೆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ ಹೇಳಿದವಳು ಮಗಳು. ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸಲು ಕಾನೂನು ಬಿಡೋದಿಲ್ಲ. “ತೆಗೆಸೋದಾದ್ರೆ ಈಗ್ಲೇ ತೆಗೆಸಪ್ಪ. ಟ್ಯೂನ್ ಆದ್ಮೇಲೆ ತೆಗೆದ್ರೆ ಅಷ್ಟೂ ದುಡ್ಡು ದಂಡ” ಅಂದಳು. ಬದಲಾವಣೆ ಏನಿದ್ದರೂ ಟ್ಯೂನ್‌ಗೆ ಮೊದಲೇ ಮುಗಿಯಬೇಕು. ಕಂಪನಿ ಸೈಲೆನ್ಸರ್ ವಾಪಸ್ ಬಂತು. ಪಕ್ಕದ ಮನೆ ಅಜ್ಜಿ ಖುಷಿಯಾದರು.

ಹೆಡ್ ಕೆಲಸಕ್ಕೇ ಹದಿನೆಂಟು ಸಾವಿರ ಆಯಿತು, ಟ್ಯೂನಿಂಗ್ ಚಾರ್ಜಿಗಿಂತ ಜಾಸ್ತಿ. ವಿಚಿತ್ರ ಅಂದ್ರೆ, ಇಷ್ಟಾಗುವ ಹೊತ್ತಿಗೆ ಐಡ್ಲಿಂಗ್ ನಡುಕ ನಿಂತಿತ್ತು, ವಾಸನೆ ಹೋಗಿತ್ತು. ನಾನು ಟ್ಯೂನಿಂಗ್‌ನಿಂದ ಸಿಗುತ್ತೆ ಅಂದ್ಕೊಂಡಿದ್ದ ಅರ್ಧ ಅದಾಗಲೇ ಸಿಕ್ಕಿತ್ತು.

ಎರಡನೇ ಸಲ

ಹೊರಡುವ ಮುಂಚೆ ಹೊಸ ಎಂಜಿನ್ ಆಯಿಲ್, ಕೂಲೆಂಟ್ ಹಾಕಿಸಿದೆವು. ನಾನು ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ತುಂಬಿಸಲು ಹೊರಟಿದ್ದೆ, ಮಗಳು ತಡೆದಳು. ದಿನಾ ಯಾವ ಪೆಟ್ರೋಲ್ ಹಾಕಿಸ್ತೀವೋ ಅದರಲ್ಲೇ ಟ್ಯೂನ್ ಆಗಬೇಕು. ಒಳ್ಳೆಯ ಪೆಟ್ರೋಲಿಗೆ ಹೊಂದಿಸಿದ ಎಂಜಿನ್‌ಗೆ ಆಮೇಲೆ ಸಾಮಾನ್ಯದ್ದು ಹಾಕಿದರೆ ನಾಕಿಂಗ್ ಶುರುವಾಗುತ್ತದೆ.

ಟ್ಯೂನರ್ ಕೈಗೆ ಮಗಳು ನೋಟ್‌ಬುಕ್ ಕೊಟ್ಟಳು. ಆತ ಎರಡು ಪುಟ ತಿರುವಿ ನಕ್ಕು, “ಇಷ್ಟು ತಯಾರಿ ಮಾಡ್ಕೊಂಡು ಬರೋರು ಕಮ್ಮಿ ಮೇಡಂ” ಅಂದ. ನಾಲ್ಕು ಗಂಟೆ ಕಾರು ರೋಲರ್ ಮೇಲೆ ಕೂಗಿತು. ಕೊನೆಗೆ ಚಕ್ರದಲ್ಲಿ ಬಂದ ಶಕ್ತಿ 74 ಬಿಎಚ್‌ಪಿ. ಕಂಪನಿ ಹೇಳುವ 85 ಎಂಜಿನ್ನಿನ ಲೆಕ್ಕ, ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಸ್ವಲ್ಪ ಸೋರಿಹೋಗುತ್ತದೆ. ನೂರರ ಕನಸು ಕಂಡಿದ್ದ ನನಗೆ ಒಂದು ಕ್ಷಣ ಪಿಚ್ಚೆನಿಸಿದ್ದು ನಿಜ.

ಆದರೆ ಎಮಿಷನ್ ಟೆಸ್ಟ್ ಮೊದಲ ಸಲಕ್ಕೇ ಪಾಸಾಯಿತು. ಮೈಲೇಜ್ ಹದಿಮೂರಕ್ಕೆ ಬಂದಿದೆ.

ನಿಮ್ಮ ಮನೆಯಲ್ಲೂ ಇಂಥ ಹಳೇ ‘ಕುದುರೆ’ ಇದ್ದರೆ ಒಂದು ಮಾತು. ಟ್ಯೂನಿಂಗ್ ಅನ್ನೋದು ಆರೋಗ್ಯವಾಗಿರುವ ಎಂಜಿನ್‌ಗೆ ಮಾಡಿಸೋದು, ಕಾಯಿಲೆಗೆ ಔಷಧಿಯಲ್ಲ. ಕಂಪ್ರೆಷನ್, ಲೀಕ್, ಪೆಟ್ರೋಲ್ ಪೈಪ್, ಈ ಮೂರನ್ನಾದರೂ ಮೊದಲು ನೋಡಿಸಿ. ಮನೆಯವರು ಯಾರಾದರೂ ‘ವಾಸನೆ ಬರ್ತಿದೆ’ ಅಂದರೆ ಅವತ್ತೇ ಬಾನೆಟ್ ಎತ್ತಿ.

ಬರುವಾಗ ಮಗಳೇ ಓಡಿಸಿದಳು. ನೋಟ್‌ಬುಕ್ ಈಗ ಡ್ಯಾಶ್‌ಬೋರ್ಡ್‌ನಲ್ಲೇ ಇರುತ್ತದೆ. ಮುಂದಿನ ವಾಲ್ವ್ ಕ್ಲಿಯರೆನ್ಸ್ ತಾರೀಕು ಕೆಂಪು ಇಂಕಿನಲ್ಲಿದೆ.