ಆರು ಎಸೆತಗಳ ಪರೀಕ್ಷೆ



ತ್ರಿಪ್ಲಿಕೇನ್‌ನಲ್ಲಿ ಹುಟ್ಟಿ ಬೆಳೆದ ನಿಮಗೆ ಚೇಪಾಕ್ ಕ್ರೀಡಾಂಗಣದ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಪಂದ್ಯದ ದಿನ ವಾಲಾಜಾ ರಸ್ತೆಗೆ ಬರಲು ಯಾವ ಆಟೋದವನೂ ಒಪ್ಪುವುದಿಲ್ಲ. ಯಾರಾದರೂ ಸಿಕ್ಸರ್ ಹೊಡೆದರೆ ನಮ್ಮ ಮನೆಯ ಮಹಡಿಗೆ ಮೊದಲು ಕೂಗು ಕೇಳುತ್ತದೆ, ಆಮೇಲೆ ಟಿ.ವಿ.ಯಲ್ಲಿ ಸಿಕ್ಸರ್ ಕಾಣುತ್ತದೆ. ಮದುವೆಯಾಗಿ ಈ ಬೀದಿಗೆ ಬಂದು ಮೂವತ್ತು ವರ್ಷಗಳಿಗೂ ಮೀರಿತು. ಒಗ್ಗರಣೆ ಹಾಕುವ ಕೈಗೆ ಕ್ರಿಕೆಟ್ಟಿನ ಗೊಡವೆ ಏಕೆ ಎಂದು ನೀವು ನಗಬಹುದು. ನಾನು ಭದ್ರಾವತಿಯವಳು, ಗುಂಡಪ್ಪ ವಿಶ್ವನಾಥ್ ಅವರ ಊರಿನವಳು. ಅಷ್ಟು ಹಕ್ಕು ನನಗೆ ಇದ್ದೇ ಇದೆ.

ಈ ಲೇಖನಕ್ಕೆ ಕಾರಣ ಡಲ್ಲಾಸ್‌ನಲ್ಲಿರುವ ನನ್ನ ತಂಗಿಯ ಮಗ. ಏಪ್ರಿಲ್ ತಿಂಗಳಲ್ಲಿ ಇಲ್ಲಿಗೆ ಬಂದಿದ್ದಾಗ ಒಂದು ದಿನ ಬೆಳಗಿನ ಜಾವ ಐದೂವರೆಗೇ ಎದ್ದು ಫೋನ್ ಹಿಡಿದು ಕೂತಿದ್ದ. ಹಾಲು ಕಾಯಿಸಲು ಎದ್ದ ನಾನು, "ಏನೋ ಅದು, ಇಷ್ಟು ಹೊತ್ತಿಗೇ?" ಎಂದೆ. "ಡ್ರಾಫ್ಟ್ ದೊಡ್ಡಮ್ಮಾ! ನಮ್ಮ ಟೀಮಿಗೆ ಒಳ್ಳೇ ವೈಡ್ ರಿಸೀವರ್ ಸಿಗುತ್ತಾನೋ ಇಲ್ಲವೋ ನೋಡಬೇಕು" ಎಂದ. ಕಾಫಿ ಕುಡಿಯುತ್ತಾ ಎಲ್ಲವನ್ನೂ ವಿವರಿಸಿದ.

ಅಮೆರಿಕದ ಫುಟ್‌ಬಾಲ್‌ನಲ್ಲಿ ದೂರಕ್ಕೆ ಓಡಿ, ಎಸೆದ ಚೆಂಡನ್ನು ಹಿಡಿಯುವವನೇ ವೈಡ್ ರಿಸೀವರ್. ಕಾಲೇಜು ತಂಡಗಳಲ್ಲಿ ಆಡಿದ ಹುಡುಗರನ್ನು ಪ್ರತಿವರ್ಷ 32 ವೃತ್ತಿಪರ ತಂಡಗಳು ಸರದಿಯ ಪ್ರಕಾರ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್ ನಗರದಲ್ಲಿ ದೊಡ್ಡ ಪರೀಕ್ಷೆ: ಎತ್ತರ, ತೂಕ, ಅಂಗೈಯ ಅಗಲ, ನೆಗೆತ, ನಲವತ್ತು ಗಜದ ಓಟ. 2017ರಲ್ಲಿ ಜಾನ್ ರಾಸ್ ಎಂಬ ಹುಡುಗ ಆ ಓಟವನ್ನು 4.22 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಮಾಡಿದ. ಒಂಬತ್ತನೆಯವನಾಗಿ ಆಯ್ಕೆಯಾದ. ಅದೇ ವರ್ಷ ಕೂಪರ್ ಕಪ್ ಎಂಬುವನಿಗೆ ಅದೇ ಓಟಕ್ಕೆ 4.62 ಸೆಕೆಂಡು ಹಿಡಿಯಿತು. ಅವನ ಹೆಸರು ಬಂದದ್ದು 69ನೆಯದಾಗಿ.

ಮುಂದೇನಾಯಿತು? ಗಾಯಗಳಿಂದ ನರಳಿದ ರಾಸ್ ಮೊದಲ ವರ್ಷ ಒಂದೇ ಒಂದು ಚೆಂಡನ್ನೂ ಹಿಡಿಯಲಿಲ್ಲ. ನಿಧಾನದ ಕಪ್ 2021ರ ಋತುವಿನಲ್ಲಿ 145 ಚೆಂಡು ಹಿಡಿದು, 1,947 ಗಜ ಕ್ರಮಿಸಿ ಎಲ್ಲರಿಗಿಂತ ಮೇಲೆ ನಿಂತ. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್‌ನ ಅತ್ಯುತ್ತಮ ಆಟಗಾರನೂ ಅವನೇ. ಗಡಿಯಾರ ಓಟವನ್ನು ಸರಿಯಾಗಿಯೇ ಅಳೆದಿತ್ತು. ಆದರೆ ಎದುರಾಳಿ ಯಾವ ಕಡೆಗೆ ವಾಲುತ್ತಾನೆಂದು ಮೊದಲೇ ಗ್ರಹಿಸುವ ಬುದ್ಧಿಯನ್ನು ಅದು ಅಳೆಯುವುದು ಹೇಗೆ?

ನಮ್ಮ ಸಂತೆ

ಇದನ್ನು ಕೇಳಿದಾಗ ನನಗೆ ನಮ್ಮ ಐಪಿಎಲ್ ಹರಾಜು ನೆನಪಾಯಿತು. ಅಲ್ಲಿ ಸರದಿಯ ಮೇಲೆ ಆರಿಸುತ್ತಾರೆ, ಇಲ್ಲಿ ಕೂಗಿ ಬೆಲೆ ಕಟ್ಟುತ್ತಾರೆ. ಹರಾಜಿಗೆ ಮುಂಚಿನ ತಯಾರಿ ಮಾತ್ರ ಒಂದೇ ಬಗೆಯದು. ತಂಡಗಳ ಪರಿವೀಕ್ಷಕರು ರಣಜಿ, ಮುಷ್ತಾಕ್ ಅಲಿ, ರಾಜ್ಯ ಲೀಗ್ ಪಂದ್ಯಗಳನ್ನು ಸುತ್ತಿ ನೋಡುತ್ತಾರೆ. ಮೊದಲ ಆರು ಓವರಿನಲ್ಲಿ ಹೇಗೆ ಆಡುತ್ತಾನೆ, ಕೊನೆಯ ಓವರುಗಳಲ್ಲಿ ಹೇಗೆ, ಸ್ಪಿನ್ ಎದುರು ಎಷ್ಟು, ವೇಗದ ಎದುರು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ತಮ್ಮ ಶಿಬಿರಕ್ಕೆ ಕರೆಸಿ ಆಡಿಸಿ ನೋಡುತ್ತಾರೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿಗೆ ಸಾವಿರದ ಐನೂರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು. ಮಾರಾಟವಾದವರು 182.

ಇಷ್ಟೆಲ್ಲ ಲೆಕ್ಕದ ನಂತರವೂ ಬೆಲೆಯನ್ನು ನಿರ್ಧರಿಸುವುದು ಸಂತೆಯ ನಿಯಮವೇ. ಮಾರುಕಟ್ಟೆಯಲ್ಲಿ ಒಂದೇ ಒಂದು ಒಳ್ಳೆಯ ಬೂದುಗುಂಬಳ ಉಳಿದು, ಇಬ್ಬರ ಮನೆಯಲ್ಲೂ ಅಂದು ಹುಳಿ ಆಗಬೇಕಿದ್ದರೆ ಏನಾಗುತ್ತದೆ? ಕಾಯಿ ಅದೇ, ಬೆಲೆ ಎರಡು ಪಟ್ಟು.

2021ರ ಫೆಬ್ರವರಿ 18ರಂದು ನಮ್ಮ ಚೆನ್ನೈನಲ್ಲೇ ಹರಾಜು ನಡೆಯಿತು. ಬೆಂಗಳೂರಿನ ಕೃಷ್ಣಪ್ಪ ಗೌತಮ್ ಅವರ ಮೂಲಬೆಲೆ 20 ಲಕ್ಷ. ಕೋಲ್ಕತ್ತ, ಹೈದರಾಬಾದ್ ತಂಡಗಳು ಪೈಪೋಟಿಗೆ ಬಿದ್ದವು, ಕೊನೆಗೆ ಚೆನ್ನೈ ನುಗ್ಗಿತು. ಬೆಲೆ 9.25 ಕೋಟಿಗೆ ನಿಂತಿತು! ಭಾರತ ತಂಡಕ್ಕೆ ಇನ್ನೂ ಆಡದ ಭಾರತೀಯನೊಬ್ಬನಿಗೆ ಅಲ್ಲಿಯವರೆಗೆ ಅಷ್ಟು ಹಣ ಸಿಕ್ಕಿರಲಿಲ್ಲ. ಗೌತಮ್ ಸಾಮಾನ್ಯರಲ್ಲ. 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಶಿವಮೊಗ್ಗ ತಂಡದ ಎದುರು 56 ಎಸೆತಗಳಲ್ಲಿ ಔಟಾಗದೆ 134 ಹೊಡೆದು, ಅದೇ ಪಂದ್ಯದಲ್ಲಿ 15 ರನ್ನಿಗೆ 8 ವಿಕೆಟ್ ಕಿತ್ತವರು. ಆದರೂ ಆ ವರ್ಷದ ಐಪಿಎಲ್‌ನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಮರುವರ್ಷ ಲಖನೌ ತಂಡ ಕೊಟ್ಟದ್ದು 90 ಲಕ್ಷ. ಒಂದು ವರ್ಷದಲ್ಲಿ ಮನುಷ್ಯ ಹತ್ತನೇ ಒಂದು ಪಾಲಿಗೆ ಇಳಿದನೇ? ಇಳಿದದ್ದು ಕೂಗು, ಮನುಷ್ಯನಲ್ಲ.

ಚೇಪಾಕ್ ಹೇಳುವ ಕಥೆಗಳು

ನಮ್ಮ ಮನೆಯ ಹಿಂದಿನ ಈ ಮೈದಾನವೇ ಇದಕ್ಕೆ ಸಾಕ್ಷಿ. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಇಲ್ಲಿ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ 97 ರನ್ ವಿಶ್ವನಾಥ್ ಅವರದು, ಅದೂ ಔಟಾಗದೆ. ಪಂದ್ಯವನ್ನು ಭಾರತ ನೂರು ರನ್ನುಗಳಿಂದ ಗೆದ್ದಿತು. ಆಗ ನನಗೆ ಐದು ವರ್ಷ. ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದದ್ದು ಮಸುಕಾಗಿ ನೆನಪಿದೆ. ಶತಕಗಳ ಪಟ್ಟಿಯಲ್ಲಿ ಹುಡುಕಿದರೆ ಆ ಇನಿಂಗ್ಸ್ ನಿಮಗೆ ಸಿಗುವುದಿಲ್ಲ. ಬಲ್ಲವರು ಮಾತ್ರ ಅದನ್ನು ಈಗಲೂ ನೂರಾರು ಶತಕಗಳಿಗಿಂತ ಮೇಲೆ ಇಡುತ್ತಾರೆ. ಇನ್ನೊಂದು ಮಾತು: 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ವಿಶ್ವನಾಥ್ ಗಳಿಸಿದ್ದು ಸೊನ್ನೆ. ಎರಡನೆಯದರಲ್ಲಿ 137. ಸೊನ್ನೆ ನೋಡಿ ಎದ್ದು ಹೋದವರು ಏನನ್ನು ಕಳೆದುಕೊಂಡರೆಂದು ಯೋಚಿಸಿ.

2016ರ ಡಿಸೆಂಬರ್‌ನಲ್ಲಿ ಇದೇ ಚೇಪಾಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕರ್ನಾಟಕದ ಕರುಣ್ ನಾಯರ್ ತಮ್ಮ ಮೂರನೆಯ ಟೆಸ್ಟಿನಲ್ಲೇ ಔಟಾಗದೆ 303 ಹೊಡೆದರು. ಮೂರು ತಿಂಗಳಲ್ಲಿ ತಂಡದಿಂದ ಹೊರಗೆ. 2022ರ ಡಿಸೆಂಬರ್‌ನಲ್ಲಿ, ಇನ್ನೊಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಬೇಡಿ ನಾಲ್ಕು ಮಾತು ಬರೆದರು. ವಿದರ್ಭಕ್ಕೆ ಹೋಗಿ, 2024-25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಐದು ಶತಕ ಹೊಡೆದು, 2025ರಲ್ಲಿ ಎಂಟು ವರ್ಷಗಳ ನಂತರ ಮತ್ತೆ ಟೆಸ್ಟ್ ಆಡಿದರು. ಇಂಗ್ಲೆಂಡಿನಲ್ಲಿ ರನ್ ಹೆಚ್ಚು ಬರಲಿಲ್ಲ, ಮುಂದಿನ ಸರಣಿಗೆ ಕೈಬಿಟ್ಟರು. ಕಥೆಗಳೆಲ್ಲ ಸಿನಿಮಾದಂತೆ ಮುಗಿಯುವುದಿಲ್ಲ, ಅದನ್ನೂ ಹೇಳಬೇಕು.

ಬೀದರ್‌ನಲ್ಲಿ ಹುಟ್ಟಿ ತಮಿಳುನಾಡಿಗೆ ಆಡುವ ವರುಣ್ ಚಕ್ರವರ್ತಿ ನಿಮ್ಮಂತೆಯೇ ಎರಡೂ ನಾಡಿನ ನಂಟಿರುವವರು. ಚಿಕ್ಕಂದಿನಲ್ಲಿ ವಿಕೆಟ್ ಕೀಪರ್. ಆಟ ಬಿಟ್ಟು ವಾಸ್ತುಶಿಲ್ಪ ಓದಿದರು, ಕೆಲಸಕ್ಕೂ ಸೇರಿದರು. ಮರಳಿ ಬಂದು ಸ್ಪಿನ್ ಕಲಿತರು. 2018ರ ತಮಿಳುನಾಡು ಪ್ರೀಮಿಯರ್ ಲೀಗ್‌ನಲ್ಲಿ ಮಿಂಚಿದ ಮೇಲೆ 20 ಲಕ್ಷದ ಮೂಲಬೆಲೆಯಿಂದ 8.4 ಕೋಟಿಗೆ ಏರಿದರು. ಐಪಿಎಲ್‌ನ ಮೊದಲ ಓವರಿನಲ್ಲೇ 25 ರನ್ ಕೊಟ್ಟರು. ಆ ವರ್ಷ ಆಡಿದ್ದು ಅದೊಂದೇ ಪಂದ್ಯ. ಅವರೇ 2025ರ ಮಾರ್ಚ್‌ನಲ್ಲಿ ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಪಂದ್ಯದಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ ಕಿತ್ತರು.

ನನ್ನ ತಪ್ಪು

ಪರೀಕ್ಷೆಗೆ ಒಳಗಾಗುವುದು ಎಂದರೇನೆಂದು ನನಗೂ ಗೊತ್ತು. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು, ಕೇಸರಿಬಾತಿನ ನಂತರ ಹಾಡಲು ಹೇಳಿದರು. ಎರಡನೆಯ ಸಾಲೇ ಮರೆತುಹೋಯಿತು. ಬಿ.ಎ. ಇಂಗ್ಲಿಷ್ ಎಂದರೆ ಮನೆಗೆಲಸ ಬರುತ್ತದೋ ಇಲ್ಲವೋ ಎಂದು ಯಾರೋ ಪಿಸುಗುಟ್ಟಿದರು. ಅರ್ಧ ಗಂಟೆಯಲ್ಲಿ ಒಂದು ಜೀವವನ್ನು ಅಳೆಯುವ ಆ ಪದ್ಧತಿಯ ಮೇಲೆ ಅಂದು ನನಗೆ ಎಷ್ಟು ಸಿಟ್ಟು ಬಂದಿತ್ತು! ಹಾಗಿದ್ದೂ ನಾನೇ ಅದನ್ನು ನನ್ನ ಮಗನಿಗೆ ಮಾಡಿದೆ.

ಅವನಿಗೆ ಆಗ ಹದಿನಾರು. ಮೆರೀನಾದ ಮರಳಿನಲ್ಲಿ, ನಮ್ಮ ಗಲ್ಲಿಯಲ್ಲಿ ಹತ್ತು ವರ್ಷ ಆಡಿ ಬೆಳೆದವನು. ಒಂದು ಕಿರಿಯರ ತಂಡದ ಆಯ್ಕೆಗೆ ಕರೆದುಕೊಂಡು ಹೋದೆ. ಮುನ್ನೂರಕ್ಕೂ ಹೆಚ್ಚು ಹುಡುಗರು ಬಿಸಿಲಿನಲ್ಲಿ ಸಾಲು ನಿಂತಿದ್ದರು. ಒಬ್ಬೊಬ್ಬರಿಗೆ ಆರು ಎಸೆತ. ಇವನು ಎರಡನ್ನು ತಪ್ಪಿಸಿಕೊಂಡ, ಒಂದಕ್ಕೆ ಬೌಲ್ಡ್ ಆದ. "ಮುಂದಿನವರು" ಎಂದರು. ವಾಪಸು ಬರುವಾಗ ರತ್ನಾ ಕೆಫೆಯಲ್ಲಿ ಸಾಂಬಾರ್ ಇಡ್ಲಿ ಕೊಡಿಸಿ, "ಆಯಿತಲ್ಲ, ನಿನಗೆ ಅಷ್ಟು ಬರುವುದಿಲ್ಲ ಅಂತ ಗೊತ್ತಾಯಿತು. ಇನ್ನು ಓದಿನ ಕಡೆ ಗಮನ ಕೊಡು" ಎಂದೆ. ಅವನು ಮಾತಾಡಲಿಲ್ಲ. ಬ್ಯಾಟು ಅಟ್ಟ ಸೇರಿತು.

ಹತ್ತು ವರ್ಷಗಳ ನಂತರ, ಆ 2021ರ ಹರಾಜನ್ನು ಇಬ್ಬರೂ ಟಿ.ವಿ.ಯಲ್ಲಿ ನೋಡುತ್ತಿದ್ದಾಗ ಅವನು ತಣ್ಣಗೆ ಹೇಳಿದ: "ಅಮ್ಮಾ, ಅವರು ನನ್ನನ್ನು ಆರು ಬಾಲ್ ನೋಡಿದ್ದರು. ನೀನು ಹತ್ತು ವರ್ಷ ನೋಡಿದ್ದೆ."

ಅವನು ದೊಡ್ಡ ಆಟಗಾರ ಆಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಬಹುಶಃ ಆಗುತ್ತಿರಲಿಲ್ಲ. ಆದರೆ ಭಾನುವಾರದ ಬೆಳಗಿನ ಅವನ ಸಂತೋಷವನ್ನು ಕಿತ್ತುಕೊಂಡದ್ದು ಆಯ್ಕೆಗಾರರಲ್ಲ, ನಾನು. ಮುನ್ನೂರು ಮಂದಿಯನ್ನು ಒಂದು ದಿನದಲ್ಲಿ ನೋಡಬೇಕಾದ ಅವರಿಗೆ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು.

ನೋಡುವ ಕಣ್ಣು

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ ನಮ್ಮ ಹಿರಿಯರು. ನಿಜ. ಆದರೆ ಮೊಳಕೆಯನ್ನು ಒಂದು ದಿನ ನೋಡಿದರೆ ಸಾಲದು. ಚೇಪಾಕ್‌ನಲ್ಲಿ ರಣಜಿ ಪಂದ್ಯ ಇದ್ದಾಗ ಒಮ್ಮೆ ಹೋಗಿ ಕೂತುಕೊಳ್ಳಿ. ಕರ್ನಾಟಕ, ತಮಿಳುನಾಡು ಎದುರಾದರೆ ಯಾರ ಪರ ಕೂಗಬೇಕೆಂಬ ನಿಮ್ಮ ಹಳೆಯ ಜಗಳವನ್ನು ಅಂದು ಬದಿಗಿಡಿ. ಒಬ್ಬ ಹೊಸ ಹುಡುಗನನ್ನು ಆರಿಸಿಕೊಂಡು ದಿನವಿಡೀ ಗಮನಿಸಿ. ರನ್ನು ಎಷ್ಟು ಎಂಬುದಕ್ಕಿಂತ ಪಿಚ್ ಹೇಗಿತ್ತು, ಎದುರಿಗೆ ಯಾರಿದ್ದರು ಎಂದು ನೋಡಿ. ಚೆಂಡು ತನ್ನ ಬಳಿ ಇಲ್ಲದಾಗ ಅವನು ಏನು ಮಾಡುತ್ತಾನೆ? ಜೊತೆಗಾರನ ರನ್ನಿಗೆ ಓಡುವಾಗ ಎಷ್ಟು ಚುರುಕು? ಬೆಳಿಗ್ಗೆ ಮಾಡಿದ ತಪ್ಪನ್ನು ಸಂಜೆ ತಿದ್ದಿಕೊಂಡನೇ? ಒಳ್ಳೆಯ ಪರಿವೀಕ್ಷಕರು ಹುಡುಕುವುದು ಇದನ್ನೇ.

ನಾಳೆ ನಿಮ್ಮನ್ನೂ ಅಳೆಯುತ್ತಾರೆ, ಪ್ರವೇಶ ಪರೀಕ್ಷೆಯಲ್ಲಿ, ಕ್ಯಾಂಪಸ್ ಸಂದರ್ಶನದಲ್ಲಿ, ಮದುವೆಯ ಮಾತುಕತೆಯಲ್ಲಿ. ಅದನ್ನು ತಪ್ಪಿಸಲಾಗದು. ತಯಾರಿ ಮಾಡಿಕೊಂಡೇ ಹೋಗಿ. ಆಯ್ಕೆಯಾದರೆ ಸಂತೋಷ. ಆಗದಿದ್ದರೆ, ಅದು ಆರು ಎಸೆತ ನೋಡಿದವರ ಅಭಿಪ್ರಾಯ ಎಂದು ತಿಳಿಯಿರಿ. ಉಳಿದ ವರ್ಷಗಳನ್ನೆಲ್ಲ ನೋಡಿದವರು ನೀವೇ.

ಕಳೆದ ಯುಗಾದಿಗೆ ಅಟ್ಟ ಗುಡಿಸುವಾಗ ಆ ಬ್ಯಾಟು ಸಿಕ್ಕಿತು. ಒರೆಸಿ, ಎಣ್ಣೆ ಸವರಿ, ಮಗನ ಕೋಣೆಯ ಬಾಗಿಲಿಗೆ ಒರಗಿಸಿ ಬಂದೆ. ಅವನು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನೋಡಿದರೆ ಬಾಗಿಲ ಬಳಿ ಬ್ಯಾಟು ಇರಲಿಲ್ಲ, ಚಪ್ಪಲಿ ಗೂಡಿನಲ್ಲಿ ಅವನ ಬೂಟುಗಳೂ ಇರಲಿಲ್ಲ. ನಾನು ಇಡ್ಲಿ ಸ್ವಲ್ಪ ಹೆಚ್ಚಾಗಿಯೇ ಹಾಕಿದೆ.